ಮನೆಗೊಂದು ಚೀಲ

ನನ್ನ ಬಲಗೈಗೆ ಒಂದು ಚಾಳಿ ಇದೆ. ಅಕ್ಕಿ ಅಳೆದು ಪಾತ್ರೆಗೆ ಸುರಿದ ಮೇಲೆ, ನೀರು ಹಾಕುವ ಮೊದಲು, ಅದು ತಾನಾಗಿ ಪಾತ್ರೆಯೊಳಗೆ ಇಳಿದು ಒಂದು ಹಿಡಿ ಅಕ್ಕಿಯನ್ನು ವಾಪಸ್ಸು ತೆಗೆಯುತ್ತದೆ. ನಾನು ಹೇಳಬೇಕಾಗಿಲ್ಲ. ನನ್ನ ತಲೆ ಆಗ ಟಿ.ವಿ. ಧಾರಾವಾಹಿಯಲ್ಲೋ, ಗ್ಯಾಸು ಮುಗಿಯುತ್ತಾ ಬಂತಲ್ಲ ಎಂಬ ಚಿಂತೆಯಲ್ಲೋ ಇರುತ್ತದೆ. ಕೈ ಮಾತ್ರ ತನ್ನ ಕೆಲಸ ಮುಗಿಸಿ, ಆ ಹಿಡಿಯನ್ನು ಪಕ್ಕದ ಡಬ್ಬಿಗೆ ಹಾಕಿ, ಸೀರೆಗೆ ಒರೆಸಿಕೊಂಡಿರುತ್ತದೆ. ಮದುವೆಯಾದ ಹೊಸದರಲ್ಲಿ ನನ್ನ ಯಜಮಾನರು ಇದನ್ನು ನೋಡಿ, ಹೆಂಡತಿ ಜಿಪುಣಿ ಎಂದು ತೀರ್ಮಾನಿಸಿದ್ದರಂತೆ. ಅವರೂ ಹುಟ್ಟಿನಿಂದ ಕ್ರೈಸ್ತರೇ. ಆದರೆ ಅಡುಗೆಮನೆಗೆ ಕಾಲಿಟ್ಟವರಲ್ಲವಾದ್ದರಿಂದ ಅವರ ತಪ್ಪೇನೂ ಇಲ್ಲ.

ಈ ಕೈ ನನ್ನ ಮನೆಯಲ್ಲಿ ಮಾತ್ರ ಹೀಗೆ ಮಾಡಿದರೆ ಚಿಂತೆ ಇರಲಿಲ್ಲ. ಪಿ.ಜೆ. ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರು ಶಿವಲೀಲಕ್ಕ. ಮೊನ್ನೆ ಮೊನ್ನೆ ಅವರಿಗೆ ಜ್ವರ ಬಂದಿತ್ತು. ಒಂದು ಹೊತ್ತಿನ ಅನ್ನ ಸಾರು ಮಾಡಿಕೊಡೋಣ ಎಂದು ಹೋದೆ. ಅವರು ಶಾಲು ಹೊದ್ದು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನನ್ನ ಮೇಲ್ವಿಚಾರಣೆಗೆ ಕೂತರು. ನಾನು ಅಕ್ಕಿ ಹಾಕಿದೆ. ಮಾತಾಡುತ್ತಾ ಮಾತಾಡುತ್ತಾ ಒಂದು ಹಿಡಿ ತೆಗೆದು ಪಕ್ಕದ ತಟ್ಟೆಗೆ ಇಟ್ಟೆ.

"ಯಾಕ್ರಿ ಟೀಚರ್, ಅಕ್ಕಿ ಜಾಸ್ತಿ ಆತೇನ್ರಿ?" ಎಂದರು ಶಿವಲೀಲಕ್ಕ. ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ನಿವೃತ್ತಳಾಗಿ ಎಷ್ಟೋ ಕಾಲವಾದರೂ ನಾನು ಈ ಬೀದಿಗೆಲ್ಲ ಟೀಚರ್ರೇ.

ನನಗೆ ನಾಚಿಕೆಯಾಯಿತು. "ಇಲ್ರಿ, ಅದು ದೇವರಿಗೆ ತೆಗೆಯೋದು. ಅಭ್ಯಾಸ" ಎಂದೆ.

"ಯಾವ ದೇವರಿಗೆ?"

"ನಮ್ಮ ದೇವರಿಗೆ."

ಅವರು ತಟ್ಟೆಯ ಕಡೆ ನೋಡಿದರು. "ನಮ್ಮ ಮನಿ ಅಕ್ಕಿ ನಿಮ್ಮ ದೇವರು ತಗಂತಾನೇನ್ರಿ?"

"ತಗೊಳ್ದೆ ಏನ್ ಮಾಡ್ತಾನೆ."

"ಹಂಗಾದ್ರೆ ಒಯ್ರಿ. ನಾವೂ ಮಠಕ್ಕೆ ಕೊಡಾದೇ ಐತಲ್ಲ. ಇನ್ನೊಂದು ಹಿಡಿ ತಗೀರಿ, ಇಷ್ಟು ದೊಡ್ಡ ಮನ್ಯಾಗೆ ಒಂದೇ ಹಿಡಿ ಹೋತು ಅಂದ್ರೆ ಚಂದ ಇರಲ್ಲ."

ಹೀಗೆ ಒಂದು ಲಿಂಗಾಯತರ ಮನೆಯ ಎರಡು ಹಿಡಿ ಸೋನಾ ಮಸೂರಿ ನಮ್ಮ ಚರ್ಚಿಗೆ ಹೋಯಿತು. ಮನೆಯ ಮರ್ಯಾದೆಯ ಪ್ರಶ್ನೆ ಬಂದರೆ ಶಿವಲೀಲಕ್ಕನ ಜ್ವರವೂ ಇಳಿಯುತ್ತದೆ.

ನೀವು ನಮ್ಮ ಕಡೆಯವರಲ್ಲದಿದ್ದರೆ ಇದೇನು ಎಂದು ಕೇಳಬಹುದು. ನಮ್ಮ ಸಭೆಗಳಲ್ಲಿ ಇದಕ್ಕೆ ಹಿಡಿ ಅಕ್ಕಿ ಎನ್ನುತ್ತಾರೆ. ಅಡುಗೆ ಮಾಡುವಾಗಲೆಲ್ಲ ಒಂದು ಹಿಡಿ ಅಕ್ಕಿ ತೆಗೆದಿಟ್ಟು, ಭಾನುವಾರ ಆರಾಧನೆಗೆ ಹೋಗುವಾಗ ಒಯ್ದು, ಕಾಣಿಕೆಯ ಹೊತ್ತಿಗೆ ಮುಂದೆ ಇಟ್ಟಿರುವ ದೊಡ್ಡ ಡ್ರಮ್ಮಿಗೆ ಹಾಕುವುದು. ಹಿಂದೆ ಆ ಅಕ್ಕಿಯೇ ಅಯ್ಯನವರ ಮನೆಯ ಊಟ. ಅಯ್ಯನವರೆಂದರೆ ಸಭಾಪಾಲಕರು. ಈಗ ಅವರಿಗೆ ಸಂಬಳ ಬರುತ್ತದೆ, ಅಕ್ಕಿ ಬಡವರಿಗೆ ಹೋಗುತ್ತದೆ. ಸುಗ್ಗಿ ಹಬ್ಬದ ದಿನ ಮಾತ್ರ ಅದೇ ಅಕ್ಕಿಯಲ್ಲಿ ಇಡೀ ಸಭೆಗೆ ಪ್ರೀತಿಭೋಜನ.

ನಾನು ಹುಟ್ಟಿ ಬೆಳೆದದ್ದು ಹರಿಹರದಲ್ಲಿ. ಅಪ್ಪ ಕಾರ್ಖಾನೆಯಲ್ಲಿದ್ದರು. ಅದರ ಸೈರನ್ನಿಗೆ ನಮ್ಮ ಮನೆಯ ಒಲೆ ಹತ್ತುತ್ತಿತ್ತು. ಅಮ್ಮ ಹಿಡಿ ಅಕ್ಕಿಯನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ಒಮ್ಮೆ ಅಮ್ಮನಿಗೆ ಹುಷಾರಿಲ್ಲದೆ ಅಪ್ಪ ಅಡುಗೆಗಿಳಿದರು. ಅವರ ಕೈ ಲೇತು ಯಂತ್ರ ತಿರುಗಿಸುವ ಕೈ, ಮೊರದಷ್ಟಗಲ. ಆ ಕೈಯಲ್ಲಿ ಒಂದು ಹಿಡಿ ದೇವರಿಗೆ ಹೋದ ಮೇಲೆ ಪಾತ್ರೆಯಲ್ಲಿ ಉಳಿದದ್ದಕ್ಕೆ ನೀರು ಜಾಸ್ತಿ ಹಾಕಿ ನಾವೆಲ್ಲ ಗಂಜಿ ಕುಡಿದೆವು. ಅಮ್ಮ ಮಲಗಿದ್ದಲ್ಲಿಂದಲೇ ಕಾನೂನು ಮಾಡಿದಳು. "ಇನ್ಮೇಲೆ ದೇವರ ಹಿಡಿ ನನ್ನ ಕೈದೇ. ನಿಮ್ಮ ಭಕ್ತಿಗೆ ಮಕ್ಕಳು ಉಪಾಸ ಬೀಳ್ತಾವೆ."

ನಮ್ಮ ಆ ಚರ್ಚಿನ ಡ್ರಮ್ಮು ತಗಡಿನದು. ಮೊದಲು ಹಾಕಿದವರ ಅಕ್ಕಿ ಜಲ್ಲೆಂದು ಸದ್ದು ಮಾಡುತ್ತಿತ್ತು, ಆಮೇಲೆ ಹಾಕಿದವರದು ಕೇಳಿಸುತ್ತಲೇ ಇರಲಿಲ್ಲ. ನಮ್ಮ ಕಾಣಿಕೆ ದೇವರಿಗೆ ಕೇಳಿಸಲಿ ಎಂದು ನಾನೂ ನನ್ನ ತಮ್ಮನೂ ಮೊದಲು ಹೋಗಲು ಬೆಂಚಿನ ತುದಿಗೆ ಬಂದು ಕೂರುತ್ತಿದ್ದೆವು. ಒಂದು ಸಲ ಇಬ್ಬರೂ ಒಟ್ಟಿಗೆ ಓಡಿ, ಡ್ರಮ್ಮೇ ಉರುಳಿ, ಪಾಪನಿವೇದನೆಯ ಪ್ರಾರ್ಥನೆಯನ್ನು ನಾವಿಬ್ಬರೂ ಮನೆಯಲ್ಲಿ ಅಮ್ಮನ ಮುಂದೆ ಇನ್ನೊಮ್ಮೆ ಹೇಳಬೇಕಾಯಿತು.

ಆ ಡ್ರಮ್ಮಿನಲ್ಲಿ ಇಲ್ಲದ ಅಕ್ಕಿ ಇರಲಿಲ್ಲ. ಮಲೆಬೆನ್ನೂರಿನ ಕಡೆಯ ಗದ್ದೆಯವರದು ಹೊಸ ಅಕ್ಕಿ, ನೀರು ಕಂಡರೆ ಸಾಕು ಮುದ್ದೆಯಾಗುವಂಥದು. ರೇಷನ್ನಿನ ದಪ್ಪ ಅಕ್ಕಿ ಅರ್ಧದಷ್ಟು. ಮಂಗಳೂರಿನಿಂದ ಬಂದಿದ್ದ ಒಬ್ಬ ಡಾಕ್ಟರಮ್ಮ ಕೆಂಪು ಕುಚ್ಚಲಕ್ಕಿ ತರುತ್ತಿದ್ದರು. ಹಬ್ಬದ ಊಟದಲ್ಲಿ ಯಾರ ತಟ್ಟೆಗೆ ಕೆಂಪು ಅಗುಳು ಬರುತ್ತದೋ ಅವರು ಪರೀಕ್ಷೆಯಲ್ಲಿ ಪಾಸು ಎಂದು ಮಕ್ಕಳೆಲ್ಲ ನಂಬಿದ್ದೆವು. ನಾನು ಗಣಿತದಲ್ಲಿ ಪಾಸಾದದ್ದಕ್ಕೆ ಬೇರೆ ಯಾವ ಕಾರಣವೂ ಇವತ್ತಿನವರೆಗೆ ಸಿಕ್ಕಿಲ್ಲ.

ಹರಿಹರದವರು ಇಬ್ಬರನ್ನು ಒಂದುಗೂಡಿಸುವುದರಲ್ಲಿ ಹೆಸರಾದವರು. ಅರ್ಧ ಹರಿ, ಅರ್ಧ ಹರ ಆಗಿ ಒಂದೇ ಕಲ್ಲಿನಲ್ಲಿ ದೇವರು ನಿಂತಿರುವ ಊರದು. ಆ ಊರಿನಲ್ಲಿದ್ದೂ ನಮ್ಮ ಕ್ರೈಸ್ತರಿಗೆ ಮಾತ್ರ ಒಟ್ಟಿಗೆ ನಿಲ್ಲುವುದು ಅಷ್ಟು ಸುಲಭವಾಗಲಿಲ್ಲ. ದೀಕ್ಷಾಸ್ನಾನವನ್ನು ಹೊಳೆಯಲ್ಲಿ ಮುಳುಗಿಸಿ ಕೊಡಬೇಕೋ, ಹಣೆಗೆ ನೀರು ಚಿಮುಕಿಸಿದರೆ ಸಾಕೋ ಎಂದು ಒಂದು ಗುಂಪು ಬೇರೆಯಾಯಿತು. ಚಪ್ಪಾಳೆ ತಟ್ಟಿ ಹಾಡಬೇಕೆಂದು ಇನ್ನೊಂದು ಹೋಯಿತು. ಹಬ್ಬದ ಊಟಕ್ಕೆ ಮಾತ್ರ ಎಲ್ಲರೂ ವಾಪಸ್ಸು ಬರುತ್ತಿದ್ದರು. ಹೊಟ್ಟೆಯ ವಿಷಯದಲ್ಲಿ ನಮ್ಮಲ್ಲಿ ಯಾವತ್ತೂ ಭೇದ ಬಂದಿಲ್ಲ.

ಮದುವೆಯಾಗಿ ದಾವಣಗೆರೆಗೆ ಬಂದೆ. ಹರಿಹರದಲ್ಲಿ ಬಸ್ಸು ಹತ್ತಿ ಒಂದು ಪೊಟ್ಟಣ ಖಾರ ಮಂಡಕ್ಕಿ ತಿಂದು ಮುಗಿಸುವಷ್ಟರಲ್ಲಿ ಬರುವ ಊರು. ಇಲ್ಲಿನ ಸಭೆಯಲ್ಲೂ ಡ್ರಮ್ಮಿತ್ತು, ಹಿಡಿ ಅಕ್ಕಿ ಇತ್ತು. ಸಾಲಾಗಿ ಹೋಗಿ ಕೈಯಾರೆ ಹಾಕಿ ಬರುವುದು ನಡೆದೇ ಇತ್ತು. ಉಸಿರಾಡುವುದರ ಬಗ್ಗೆ ಯಾರೂ ಯೋಚಿಸುವುದಿಲ್ಲವಲ್ಲ, ಹಾಗೆ ನಾನೂ ಇದರ ಬಗ್ಗೆ ಯೋಚಿಸಿರಲಿಲ್ಲ. ಯೋಚಿಸುವಂತೆ ಮಾಡಿದ್ದು ನುಸಿ.

ಹೋದ ವರ್ಷದ ಸುಗ್ಗಿ ಹಬ್ಬಕ್ಕೆ ಡ್ರಮ್ಮು ತೆರೆದಾಗ ಮೇಲಿನಿಂದ ಕೆಳಗಿನವರೆಗೆ ನುಸಿ ಹಿಡಿದಿತ್ತು. ಯಾರದೋ ಒಂದು ಹಿಡಿಯಲ್ಲಿದ್ದದ್ದು ಎಲ್ಲರ ಅಕ್ಕಿಗೂ ಹಬ್ಬಿತ್ತು. ಕೇರಿ ಆರಿಸಿ ಬೇಯಿಸಿದರೆ ಅನ್ನ ಅರ್ಧ ಮುದ್ದೆ, ಅರ್ಧ ಗಟ್ಟಿ. ಅದಕ್ಕಿಂತ ಗಟ್ಟಿಯಾಗಿದ್ದದ್ದು, ನುಸಿ ಯಾರ ಮನೆಯಿಂದ ಬಂತು ಎಂಬ ಚರ್ಚೆ. ಅಯ್ಯನವರು ಅವತ್ತು ಐಕ್ಯತೆಯ ಬಗ್ಗೆ ಪ್ರಸಂಗ ಮಾಡಿದ್ದರು. ಊಟದ ಪಂಕ್ತಿಯಲ್ಲಿ ಎರಡು ಮನೆಗಳವರು ಬೆನ್ನು ತಿರುಗಿಸಿ ಕೂತರು.

ಸ್ತ್ರೀ ಸಂಘದ ಸಭೆ ಸೇರಿತು. ನಮ್ಮ ಅಧ್ಯಕ್ಷೆ ಎಸ್ತೇರಮ್ಮನವರು ಅಚ್ಚುಕಟ್ಟಿನ ಹೆಂಗಸು. ಅವರ ಮನೆಯಲ್ಲಿ ಸಾಸಿವೆ ಡಬ್ಬಿಗೂ ಚೀಟಿ ಅಂಟಿಸಿರುತ್ತದೆ. ಮಿಶ್ರ ಅಕ್ಕಿಯನ್ನು ನೆನೆಹಾಕಿ ರುಬ್ಬಿ ದೋಸೆ ಮಾಡಿಬಿಡೋಣ ಎಂದು ಯಾರೋ ಸೂಚಿಸಿದರು. ದಾವಣಗೆರೆಯಲ್ಲಿ ಯಾವ ಸಮಸ್ಯೆಯನ್ನು ಮುಂದಿಟ್ಟರೂ ಒಬ್ಬರಾದರೂ ದೋಸೆ ಎನ್ನುತ್ತಾರೆ. "ಇಡೀ ಸಭೆಗೆ ದೋಸೆ ಹುಯ್ಯೋರು ಯಾರ್ರಿ? ಮೊದಲನೆಯವರು ತಿಂದು ಮನಿಗೆ ಹೋಗಿ ಮಲಗಿ ಎದ್ರೂ ಕೊನೆಯವರಿಗೆ ಬರಲ್ಲ" ಎಂದು ಎಸ್ತೇರಮ್ಮ ಅದನ್ನು ತಳ್ಳಿಹಾಕಿದರು. ಅವರ ಯೋಜನೆ ತಯಾರಿತ್ತು. ಇನ್ನು ಮುಂದೆ ಮನೆಗೊಂದು ಬಟ್ಟೆಯ ಚೀಲ. ಎಲ್ಲರೂ ಒಂದೇ ಜಾತಿಯ ಅಕ್ಕಿ ಹಾಕತಕ್ಕದ್ದು. ಚೀಲದ ಮೇಲೆ ಮನೆಯ ಹೆಸರು. ಕಾಣಿಕೆಯ ಹೊತ್ತಿಗೆ ಮನೆಗೊಬ್ಬರು ಚೀಲ ತಂದು ಮುಂದೆ ಇಡುವುದು. ನುಸಿ ಬಂದರೆ ಯಾರದೆಂದು ಗೊತ್ತಾಗುತ್ತದೆ. ನಮಗೆಲ್ಲ ಬಹಳ ಸರಿ ಎನಿಸಿತು. ಹೋದ ವರ್ಷವಷ್ಟೇ ಬಂದಿದ್ದ ನಮ್ಮ ಎಳೆಯ ವಯಸ್ಸಿನ ಅಯ್ಯನವರು "ಹಾಗೇ ಮಾಡಿ ಅಮ್ಮ" ಎಂದರು. ಸ್ತ್ರೀ ಸಂಘ ಏನು ಹೇಳಿದರೂ ಅವರು ಹಾಗೇ ಮಾಡಿ ಎನ್ನುತ್ತಾರೆ. ಬುದ್ಧಿವಂತರು.

ಹೊಲಿಗೆ ಯಂತ್ರ ಇರುವುದು ನನ್ನ ಮನೆಯಲ್ಲಾದ್ದರಿಂದ ಚೀಲ ಹೊಲಿಯುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಹೊಲಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಚೀಲಕ್ಕೆ ಬಾಯಿಯನ್ನೂ ಸೇರಿಸಿ ಹೊಲಿದಿದ್ದೆ. ಎಸ್ತೇರಮ್ಮ ಹೇಳಿದ ಹೆಸರುಗಳನ್ನು ಕೆಂಪು ದಾರದಲ್ಲಿ ಮೂಡಿಸಿದೆ. ಹೊಸ ಪದ್ಧತಿ ಶುರುವಾಯಿತು. ನೋಡಲು ಎಷ್ಟು ಚೆಂದವಿತ್ತು ಅಂತೀರಿ. ಬಿಳಿ ಚೀಲಗಳು ಸಾಲಾಗಿ ಬಂದು ಪೀಠದ ಮುಂದೆ ಶಾಲೆಯ ಮಕ್ಕಳಂತೆ ಕೂತವು. ಡ್ರಮ್ಮನ್ನು ಹಿಂದಿನ ಕೋಣೆಗೆ ತಳ್ಳಿದೆವು.

ಕೆಲವು ಭಾನುವಾರ ಕಳೆದ ಮೇಲೆ ಕಿಟಕಿಯ ಪಕ್ಕದ ಬೆಂಚು ಖಾಲಿ ಇರುವುದು ನನ್ನ ಕಣ್ಣಿಗೆ ಬಿತ್ತು. ಅದು ಕರುಣಮ್ಮ ಕೂರುವ ಜಾಗ.

ಕರುಣಮ್ಮ ಪಕ್ಕದ ಹಳ್ಳಿ ಬಾತಿಯವಳು. ಅಣ್ಣ ಸಮುವೇಲಪ್ಪನ ಮನೆಯಲ್ಲಿರುತ್ತಾಳೆ. ಚಿಕ್ಕ ವಯಸ್ಸಿನಲ್ಲಿ ಮದುವೆಯಾಗಿ, ಅದು ಸರಿಹೋಗದೆ, ತವರಿಗೆ ಬಂದವಳು ಅಲ್ಲೇ ಉಳಿದಳು. ಈಗ ಐವತ್ತು ದಾಟಿರಬಹುದು. ಅಣ್ಣನೂ ಒಳ್ಳೆಯವನು, ಅತ್ತಿಗೆ ಮಾರ್ಥಾ ಕೂಡ ಒಳ್ಳೆಯವಳು. ಸಮುವೇಲಪ್ಪನ ಮನೆಯ ಹಿಡಿ ಅಕ್ಕಿಯನ್ನು ಮಾರ್ಥಾ ತಂದು ಹಾಕುತ್ತಿದ್ದಳು. ಅವಳ ಹಿಂದೆ ಕರುಣಮ್ಮ ಬಂದು, ಸೆರಗಿನ ಗಂಟು ಬಿಚ್ಚಿ, ತನ್ನದೊಂದು ಹಿಡಿ ಬೇರೆಯಾಗಿ ಹಾಕುತ್ತಿದ್ದಳು. ಶನಿವಾರ ಸಂಜೆ ಅಡುಗೆಗೆ ಅಕ್ಕಿ ಹಾಕುವಾಗ ತನ್ನ ಊಟದ ಪಾಲಿನಿಂದ ಅಷ್ಟನ್ನು ತೆಗೆದು ಕಟ್ಟಿಕೊಳ್ಳುತ್ತಾಳೆ, ಅವತ್ತು ಅಷ್ಟು ಕಡಿಮೆ ಉಣ್ಣುತ್ತಾಳೆ ಎಂದು ಮಾರ್ಥಾಳೇ ನನಗೆ ಒಮ್ಮೆ ಹೇಳಿದ್ದಳು.

ಸಮುವೇಲಪ್ಪನನ್ನು ಕೇಳಿದರೆ, "ಮಂಡಿ ನೋವು ಅಂತಾಳ್ರಿ" ಎಂದ. ಮಂಡಿ ನೋವಿಗೂ ಚೀಲಕ್ಕೂ ಸಂಬಂಧ ಇರಬಹುದೆಂದು ನನಗೆ ಹೊಳೆದದ್ದು ಮನೆಗೆ ಬಂದು ಅಕ್ಕಿ ತೊಳೆಯುವಾಗ. ಮನೆಗೊಂದು ಚೀಲವೆಂದರೆ ಕರುಣಮ್ಮನಿಗೆ ಚೀಲ ಎಲ್ಲಿದೆ? ಛೆ, ಇಷ್ಟು ಹೊಳೆಯಲಿಲ್ಲವಲ್ಲ ಎನಿಸಿತು. ಪರಿಹಾರವೂ ಸುಲಭವೆನಿಸಿತು. ಯಂತ್ರದ ಮುಂದೆ ಕೂತು ಇನ್ನೊಂದು ಚೀಲ ಹೊಲಿದೆ. ಕೆಂಪು ದಾರದಲ್ಲಿ ಅವಳ ಹೆಸರು ಮೂಡಿಸಿದೆ. ಅಕ್ಷರ ಸ್ವಲ್ಪ ವಾಲಿದವು, ಅದು ಬಿಡಿ. ಸಿಟಿ ಬಸ್ಸು ಹತ್ತಿ ಬಾತಿಗೆ ಹೊರಟೆ. ದಾರಿಯುದ್ದಕ್ಕೂ ನನಗೆ ನನ್ನ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು.

"ಬರ್ರಿ ಟೀಚರ್, ಕೂಡ್ರಿ" ಎಂದು ಕರುಣಮ್ಮ ಒಳಗಿನಿಂದ ಕುರ್ಚಿ ಎತ್ತಿಕೊಂಡು ಬಂದಳು. ಅವಳು ನಡೆದ ಬಿರುಸು ನೋಡಿದರೆ ಮಂಡಿ ನೋವು ನನಗೇ ಇದೆ ಎನ್ನಬೇಕು. ಮಾರ್ಥಾ ಚಹಾ ತಂದಿಟ್ಟು ಹಿತ್ತಿಲಿಗೆ ಹೋದಳು. ನಾನು ಚೀಲ ತೆಗೆದು ಕೊಟ್ಟೆ. ಕರುಣಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹೆಸರಿನ ಮೇಲೆ ಬೆರಳಾಡಿಸಿದಳು. ನೀಟಾಗಿ ಮಡಚಿ ನನ್ನ ಕೈಗೇ ವಾಪಸ್ಸು ಕೊಟ್ಟಳು.

"ಚಂದ ಹೊಲ್ದೀರಿ. ಆದ್ರೆ ನಂಗೆ ಬ್ಯಾಡ್ರಿ."

"ಯಾಕ?"

"ಈ ಮನೀದು ಒಂದು ಚೀಲ ಐತಲ್ರಿ, ಅತ್ತಿಗಿ ಒಯ್ತಾಳೆ. ಒಂದೇ ಮನ್ಯಾಗೆ ಎರಡು ಚೀಲ ಬಂತು ಅಂದ್ರೆ ಜನ ಏನಂತಾರೆ? ಅಣ್ಣ ತಂಗಿದು ಒಲಿ ಬ್ಯಾರೆ ಆಗೈತೆ ಅಂತಾರೆ. ಇಷ್ಟು ವರ್ಷ ನೋಡ್ಕಂಡಾನೆ. ಅವನು ನಾಕು ಜನದಾಗೆ ಓಡಾಡಾದು ಹೆಂಗೆ?"

ನಾನು ಇದನ್ನು ಯೋಚಿಸಿರಲಿಲ್ಲ. ಯೋಚಿಸದೆ ಇದ್ದದ್ದಕ್ಕೆ ಸಿಟ್ಟು ಬಂತು, ಸಿಟ್ಟನ್ನು ಅವಳ ಮೇಲೇ ಹಾಕಿದೆ. "ಅದಕ್ಕೆ ಚರ್ಚಿಗೆ ಬರೋದೇ ಬಿಡೋದೇನು? ಚೀಲ ಇಲ್ದಿದ್ರೆ ದೇವರು ಒಳಗೆ ಬಿಡಲ್ವಾ?"

"ಬಿಡ್ತಾನ್ರಿ, ಬಿಡದೆ ಏನು. ಎರಡು ವಾರ ಬಂದಿದ್ನಲ್ಲ." ಅವಳು ನೆಲ ನೋಡುತ್ತಾ ಹೇಳಿದಳು. "ಎಲ್ಲರ ಚೀಲ ಮುಂದೆ ಹೋಗೋವಾಗ ನಾನು ಕೈ ಕಟ್ಕಂಡು ಕುಂತಿರಬೇಕಲ್ರಿ. ಈ ಮನ್ಯಾಗೆ ನಾನು ಅಣ್ಣನ ತಂಗಿ. ಊರಾಗೂ ಸಮುವೇಲಪ್ಪನ ತಂಗೀನೇ. ಅದಕ್ಕೇನೂ ಬ್ಯಾಸರ ಇಲ್ಲ. ಆ ಡ್ರಮ್ಮಿನ ಮುಂದೆ ಮಾತ್ರ ನಾನು ಕರುಣಮ್ಮ ಇದ್ದೆ. ನನ್ನ ಕೈಲಿ ನಾನು ಹಾಕ್ತಿದ್ದೆ. ಈಗ ನಂದೂ ಅಣ್ಣನ ಚೀಲದಾಗೇ ಹೋತು."

ನಾನು ಚೀಲವನ್ನು ಬ್ಯಾಗಿಗೆ ಹಾಕಿಕೊಂಡು ಚಹಾ ಕುಡಿದು ಮುಗಿಸಿದೆ. ಎಷ್ಟೋ ವರ್ಷದಿಂದ ಒಂದೇ ಚರ್ಚಿನಲ್ಲಿ, ಒಂದೇ ಹಾಡು ಹಾಡುತ್ತಾ ಕೂತಿದ್ದೇವೆ. ಅವಳಿಗೆ ಆ ಒಂದು ಗಳಿಗೆ ಏನಾಗಿತ್ತೆಂದು ನನಗೆ ಗೊತ್ತಿರಲಿಲ್ಲ. ಏಳುವಾಗ, "ಹಬ್ಬಕ್ಕಾದರೂ ಬಾ" ಎಂದೆ. "ನೋಡಾಣ್ರಿ" ಎಂದಳು. ನಮ್ಮ ಕಡೆ ನೋಡೋಣ ಎಂದರೆ ಬರುವುದಿಲ್ಲ ಎಂದೇ ಅರ್ಥ.

ಬಸ್ಸಿಳಿದು ನೆಟ್ಟಗೆ ಎಸ್ತೇರಮ್ಮನವರ ಮನೆಗೆ ಹೋದೆ. ಅವರು ಬೇಳೆ ಆರಿಸುತ್ತಿದ್ದರು. ಅವರ ಯಜಮಾನರು ಜಯರಾಜಣ್ಣ ಹಾಲಿನಲ್ಲಿ ಪೇಪರು ಓದುತ್ತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ.

"ಪಾಪ ಅನ್ನಿಸ್ತದೆ. ಆದ್ರೆ ಒಬ್ಬರಿಗೋಸ್ಕರ ಪದ್ಧತಿ ಬದಲಾಯಿಸಕ್ಕಾಗ್ತದೇನ್ರಿ?" ಎಂದರು ಎಸ್ತೇರಮ್ಮ. "ಮತ್ತೆ ನುಸಿ ಬಂದ್ರೆ? ಮತ್ತೆ ಜಗಳ ಆದ್ರೆ? ಎಲ್ಲರೂ ಒಂದಾಗಿರ್ಲಿ ಅಂತಾನೇ ಅಲ್ವಾ ನಾನು ಇದನ್ನ ಮಾಡಿದ್ದು."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದ್ದರಿಂದಲೇ ನನಗೆ ಇನ್ನಷ್ಟು ರೇಗಿತು. ಅವರ ಮನೆಯ ಚೀಲ ಗೋಡೆಯ ಮೊಳೆಗೆ ತೂಗಾಡುತ್ತಿತ್ತು. ಅದನ್ನು ತೆಗೆದು ಅವರ ಮುಂದಿಟ್ಟೆ. ನಾನೇ ಹೊಲಿದ ಕೆಂಪು ಅಕ್ಷರಗಳು. ಶ್ರೀ ವಿ. ಜಯರಾಜ್.

"ಇದಕ್ಕೆ ದಿನಾ ಅಕ್ಕಿ ತೆಗೆದು ಹಾಕೋರು ಯಾರ್ರಿ?"

"ನಾನೇ. ಮತ್ಯಾರು?"

"ಜಯರಾಜಣ್ಣ," ಎಂದು ನಾನು ಹಾಲಿನ ಕಡೆ ಕೂಗಿದೆ, "ನಿಮ್ಮ ಮನ್ಯಾಗೆ ಅಕ್ಕಿ ಡಬ್ಬಿ ಎಲ್ಲೈತೆ?"

ಪೇಪರಿನ ಹಿಂದಿನಿಂದ ತಡವಾಗಿ ಉತ್ತರ ಬಂತು. "ಫ್ರಿಜ್ಜಿನ ಪಕ್ಕ ಅಲ್ವೇನ್ರಿ?"

ಫ್ರಿಜ್ಜಿನ ಪಕ್ಕ ಇದ್ದದ್ದು ಇನ್ವರ್ಟರು. ಎಸ್ತೇರಮ್ಮ ನಗಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಆ ಹೆಸರನ್ನು ಮತ್ತೆ ಓದಿದರು. ಬೇಳೆಯ ಮೊರ ಹಾಗೇ ಇತ್ತು.

"ಹೆಸರು ಹೇಳಿದವಳು ನಾನೇ ನೋಡ್ರಿ" ಎಂದರು ಕೊನೆಗೆ. "ಎಲ್ಲರದೂ ನಾನೇ ಹೇಳಿದೆ. ನನ್ನ ಹೆಸರು ನನಗೇ ನೆನಪಾಗ್ಲಿಲ್ಲ."

ನನ್ನ ಚೀಲದ ಮೇಲೂ ನನ್ನ ಯಜಮಾನರ ಹೆಸರೇ ಇತ್ತು. ಅದನ್ನು ಹೊಲಿದವಳೂ ನಾನೇ. ಆಗ ಸ್ವಲ್ಪವೂ ವಿಚಿತ್ರ ಎನಿಸಿರಲಿಲ್ಲ.

ಎಸ್ತೇರಮ್ಮ ಒಮ್ಮೆ ಮನಸ್ಸು ಮಾಡಿದರೆ ಮತ್ತೆ ತಡವಿಲ್ಲ. ಅಯ್ಯನವರಿಗೆ ಫೋನು ಹೋಯಿತು. ಈ ಸಲ ಡ್ರಮ್ಮು ವಾಪಸ್ಸು, ಚೀಲ ಬಂದ್, ಎಲ್ಲರೂ ಕೈಯಾರೆ ಹಾಕುವುದು, ಮನೆಗೊಬ್ಬರಲ್ಲ, ಬಂದವರೆಲ್ಲರೂ. "ಹಾಗೇ ಮಾಡಿ ಅಮ್ಮ" ಎಂದರು ಅಯ್ಯನವರು. ನಾನು ಸಮುವೇಲಪ್ಪನ ಮೊಬೈಲಿಗೆ ಫೋನು ಮಾಡಿ, ಡ್ರಮ್ಮು ಮತ್ತೆ ಬಂದಿದೆ ಎಂದು ಕರುಣಮ್ಮನಿಗೆ ಹೇಳು ಎಂದೆ. "ಹೇಳ್ತೀನ್ರಿ" ಎಂದ. ಹೇಳಿದನೋ ಇಲ್ಲವೋ, ಅವಳು ಏನೆಂದಳೋ ತಿಳಿಯಲಿಲ್ಲ.

ಹಬ್ಬದ ಭಾನುವಾರ ಬಂತು. ಪೀಠದ ಮುಂದೆ ಕಬ್ಬು, ಬಾಳೆಗೊನೆ, ಭತ್ತದ ತೆನೆ, ಒಂದು ಮೂಲೆಯಲ್ಲಿ ಕಾಲು ಕಟ್ಟಿದ ಎರಡು ಕೋಳಿ. ನಡುವೆ ತೊಳೆದು ಒಣಗಿಸಿದ ಡ್ರಮ್ಮು. ಅದರ ಪಕ್ಕ ಎಸ್ತೇರಮ್ಮನವರು ರೇಷ್ಮೆ ಸೀರೆ ಉಟ್ಟು, ಓದುವ ಕನ್ನಡಕ ಹಾಕಿ, ಕೈಯಲ್ಲಿ ಮೊರ ಹಿಡಿದು ನಿಂತಿದ್ದರು. ನುಸಿಯ ವಿಷಯದಲ್ಲಿ ಅವರು ದೇವರನ್ನು ಪೂರ್ತಿ ನಂಬಿ ಕೂರುವವರಲ್ಲ. ಪ್ರತಿಯೊಬ್ಬರೂ ಅಂಗೈ ಬಿಚ್ಚಿ ತೋರಿಸಬೇಕು, ಅವರು ಇಣುಕಿ ನೋಡಿ ಹೂಂ ಎನ್ನಬೇಕು, ಆಮೇಲೆ ಡ್ರಮ್ಮಿಗೆ.

ಸಾಲು ಬಾಗಿಲು ದಾಟಿ ಹೋಯಿತು. ಹಿಂದೆ ಮನೆಗೊಬ್ಬರು ಇಬ್ಬರು ಬರುತ್ತಿದ್ದರು, ಇವತ್ತು ಗಂಡಸರೂ ಎದ್ದಿದ್ದರು. ಜಯರಾಜಣ್ಣನಿಗೆ ಮುಷ್ಟಿ ಹಿಡಿಯುವುದು ಗೊತ್ತಾಗದೆ ದಾರಿಯುದ್ದಕ್ಕೂ ಅಕ್ಕಿ ಉದುರಿಸುತ್ತಾ ಬಂದರು. ಅವರ ಹಿಂದೆ ಕೇರಳದ ಕೆಲವು ನರ್ಸಿಂಗ್ ಹುಡುಗಿಯರು. ಹಾಸ್ಟೆಲಿನ ಅಡುಗೆಯವರನ್ನು ಕೇಳಿಕೊಂಡು ಕರ್ಚೀಫಿನಲ್ಲಿ ಅಕ್ಕಿ ತಂ‌ದಿದ್ದರು. ಅವರಿಗೂ ಈ ಊರಿನಲ್ಲಿ ಮನೆ ಇಲ್ಲ, ಚೀಲವೂ ಇರಲಿಲ್ಲ. ಅದು ನಮಗ್ಯಾರಿಗೂ ಗೊತ್ತೇ ಆಗಿರಲಿಲ್ಲ.

ಕಿಟಕಿಯ ಪಕ್ಕದ ಬೆಂಚು ಖಾಲಿಯೇ ಇತ್ತು. ನಾನು ಹಾಡುವುದನ್ನು ಬಿಟ್ಟು ಬಾಗಿಲನ್ನೇ ನೋಡುತ್ತಿದ್ದೆ. ನಾನು ಹಾಡದಿದ್ದರೆ ಹಾಡಿಗೆ ಒಳ್ಳೆಯದೇ ಆಗುತ್ತದೆ.

ಸಾಲು ಕರಗುತ್ತಾ ಬಂದಾಗ ಹೊರಗೆ ಆಟೋ ನಿಂತ ಸದ್ದಾಯಿತು. ಸಮುವೇಲಪ್ಪ, ಮಾರ್ಥಾ, ಅವರ ಹಿಂದೆ ತಲೆ ಮೇಲೆ ಸೆರಗು ಹೊದ್ದ ಕರುಣಮ್ಮ. ಮಾರ್ಥಾ ಹಾಕಿದಳು. ಸಮುವೇಲಪ್ಪ ಹಾಕಿದ. ಕರುಣಮ್ಮ ಸೆರಗಿನ ಗಂಟಿಗೆ ಕೈ ಹಾಕಿದಳು. ಗಂಟು ಬಿಗಿಯಾಗಿತ್ತು, ಬಿಚ್ಚಿಕೊಳ್ಳಲೇ ಇಲ್ಲ. ಹಾಡು ಮುಗಿಯಿತು. ಕೀಬೋರ್ಡಿನವನು ಅಯ್ಯನವರ ಮುಖ ನೋಡಿ ಕೊನೆಯ ಚರಣವನ್ನು ಮತ್ತೆ ಎತ್ತಿಕೊಂಡ. ಅದೂ ಮುಗಿಯಿತು, ಮತ್ತೆ ಎತ್ತಿಕೊಂಡ. ಯಾರೂ ಕೂರಲಿಲ್ಲ. ಮಾರ್ಥಾ ಸಹಾಯಕ್ಕೆ ಕೈ ಚಾಚಿದಳು, ಕರುಣಮ್ಮ ತಲೆ ಅಲ್ಲಾಡಿಸಿದಳು. ಕೊನೆಗೆ ಹಲ್ಲಿನಿಂದ ಕಚ್ಚಿ ಗಂಟು ಬಿಡಿಸಿ, ಅಕ್ಕಿಯನ್ನು ಅಂಗೈಗೆ ಹಾಕಿಕೊಂಡು ಎಸ್ತೇರಮ್ಮನ ಮುಂದೆ ಹಿಡಿದಳು.

ಎಸ್ತೇರಮ್ಮನ ಕನ್ನಡಕ ಮಂಜಾಗಿತ್ತು. ಆದರೂ ಎಲ್ಲರದನ್ನು ನೋಡಿದ ಹಾಗೆ ಇದನ್ನೂ ಇಣುಕಿ ನೋಡಿದರು. "ನುಸಿ ಇಲ್ಲ. ಹಾಕ್ರಿ ಕರುಣಮ್ಮ" ಎಂದರು.

ಆಮೇಲೆ ಚರ್ಚಿನ ಹಿಂದೆ ಶಾಮಿಯಾನದ ಕೆಳಗೆ ಊಟ. ಡ್ರಮ್ಮಿನ ಅಕ್ಕಿಯನ್ನೇ ಬೇಯಿಸಿದೆವು. ಈ ಸಲ ನುಸಿಯೇನೋ ಇರಲಿಲ್ಲ. ಆದರೆ ಹತ್ತಾರು ಬಗೆಯ ಅಕ್ಕಿಯನ್ನು ಒಂದೇ ಹಂಡೆಗೆ ಹಾಕಿದರೆ ಏನಾಗಬೇಕೋ ಅದೇ ಆಗಿತ್ತು. ಬೇಯಿಸಿದವಳು ನಾನು, ಬಡಿಸಿದವಳೂ ನಾನು. ನಾನೇ ಕರೆದಿದ್ದ ಶಿವಲೀಲಕ್ಕ ಮೊದಲ ಪಂಕ್ತಿಯಲ್ಲಿ ಕೂತು "ಭಾಳ ಚಲೋ ಆಗೈತ್ರಿ" ಎಂದರು. ನರ್ಸಿಂಗ್ ಹುಡುಗಿಯರು ಅರ್ಧ ಕನ್ನಡದಲ್ಲಿ ಸೂಪರ್ ಆಂಟಿ ಎಂದರು. ಅಯ್ಯನವರು ಬಹಳ ರುಚಿ ಎಂದರು.

ಕರುಣಮ್ಮ ಒಂದು ತುತ್ತು ಬಾಯಿಗಿಟ್ಟು ಅಗಿದಳು. ಎಲೆಯ ಮೇಲಿನ ಅನ್ನವನ್ನು ಬೆರಳಿನಿಂದ ಕೆದಕಿದಳು.

"ಏನ್ರಿ ಟೀಚರ್ ಇದು? ಅರ್ಧ ಗಂಜಿ ಆಗೈತೆ, ಅರ್ಧ ಬೆಂದೇ ಇಲ್ಲ. ಸಾರಿಗೆ ಉಪ್ಪು ಹಾಕ್ದೋರು ಯಾರು?"

ಪಂಕ್ತಿಯೆಲ್ಲ ತಿರುಗಿ ನೋಡಿತು. "ಸುಮ್ನಿರೇ" ಎಂದು ಮಾರ್ಥಾ ಮೊಣಕೈಯಿಂದ ತಿವಿದಳು. ಸಮುವೇಲಪ್ಪ ತುತ್ತನ್ನು ಕೈಯಲ್ಲೇ ಹಿಡಿದು ತಂಗಿಯ ಮುಖ ನೋಡುತ್ತಾ ಕೂತ. ಅವನ ಮನೆಯಲ್ಲಿ ಅವಳು ಇಷ್ಟು ವರ್ಷ, ಬಡಿಸಿದ್ದನ್ನು ಉಂಡು, ಚೆನ್ನಾಗೈತೆ ಎಂದು ಹೇಳಿ ಎದ್ದವಳು. ನೆಂಟರು ಹಾಗೆಯೇ ಮಾಡುವುದು.

ಬೆಳಗ್ಗೆ ಸಾರಿಗೆ, ಆರಾಧನೆ ಮುಗಿದ ಮೇಲೆ ಅನ್ನಕ್ಕೆ ಎಂದು ಹೊಗೆ ಕುಡಿದಿದ್ದೆ. ಬೇರೆ ಯಾರಾದರೂ ಈ ಮಾತು ಆಡಿದ್ದರೆ ಸೌಟು ಕೆಳಗಿಟ್ಟು ನಾಲ್ಕು ಮಾತು ಆಡುತ್ತಿದ್ದೆ. ಇವಳ ಬಾಯಲ್ಲಿ ಕೇಳಿ ಮಾತ್ರ ಸಂತೋಷವಾಗಿ, ಸೌಟು ಹಿಡಿದು ಅವಳ ಎಲೆಯ ಮುಂದೆ ಬಂದು ನಿಂತೆ.

"ಮುಂದಿನ ವರ್ಷ ಒಲಿ ಮುಂದೆ ನಾನು ಕೂಡ್ತೀನಿ, ನೀವು ಬಡಿಸೋದು ನೋಡ್ಕಳ್ರಿ" ಎಂದಳು ಕರುಣಮ್ಮ. ಎಲೆಯನ್ನು ನನ್ನ ಕಡೆ ಸ್ವಲ್ಪ ಸರಿಸಿದಳು. "ಈಗ ಇನ್ನೊಂಚೂರು ಹಾಕ್ರಿ. ಬೆಂದಿರಾದು ನೋಡಿ ಹಾಕ್ರಿ."

ನಾನು ಬಗ್ಗಿ, ಪಾತ್ರೆಯಲ್ಲಿ ಬೆಂದದ್ದನ್ನು ಹುಡುಕತೊಡಗಿದೆ.